ನಿಂತ ಪಿಕಪ್‌ಗೆ ಮೊದಲೇ ಸೆಲ್ಫ್ ಹೊಡೆಯಬೇಡಿ

ವರ್ಷಗಟ್ಟಲೆ ನಿಂತಿದ್ದ ಪಿಕಪ್ ಗ್ಯಾರೇಜಿಗೆ ಬಂದಾಗ ಓನರ್ ಕೇಳುವುದು ಒಂದೇ ಪ್ರಶ್ನೆ: "ಸ್ಟಾರ್ಟ್ ಆಗುತ್ತಾ?" ಕೆಲವರು ಚಾರ್ಜ್ ಮಾಡಿದ ಬ್ಯಾಟರಿಯನ್ನೂ ಜೊತೆಗೇ ತಂದಿರುತ್ತಾರೆ. ನಾನು ಆ ಬ್ಯಾಟರಿಯನ್ನು ಪಕ್ಕಕ್ಕಿಟ್ಟು, ಸುತ್ತಿಗೆ ಹಿಡಿದು ಗಾಡಿ ಕೆಳಗೆ ನುಗ್ಗುತ್ತೇನೆ. ಅದು ಅವರಿಗೆ ಇಷ್ಟವಾಗುವುದಿಲ್ಲ, ಗೊತ್ತು.

ಇಂಜಿನ್ ಕೆಟ್ಟಿದ್ದರೆ ಬಿಚ್ಚಿ ಮಾಡಬಹುದು, ಇಲ್ಲವೇ ಬೇರೆಯದ್ದನ್ನೇ ಕೂರಿಸಬಹುದು. ಚಾಸಿ ತುಕ್ಕು ತಿಂದಿದ್ದರೆ ಲೆಕ್ಕವೇ ಬೇರೆ. ಕ್ಯಾಬಿನ್, ಡೆಕ್, ಹೇರಿದ ಲೋಡು, ಎಲ್ಲಾ ನಿಂತಿರುವುದು ಆ ಎರಡು ಉದ್ದದ ಸ್ಟೀಲ್ ತೊಲೆಗಳ ಮೇಲೆ. ಹಿಂದಿನ ಲೀಫ್ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಸುತ್ತ ಕೆಸರು ಕೂತು ವರ್ಷಾನುಗಟ್ಟಲೆ ತೇವ ಹಿಡಿದಿರುತ್ತದೆ, ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಡಬ್ ಅಂದು ತುಕ್ಕಿನ ಹಾಳೆ ಉದುರಿದರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಇನ್ನೂ ಜಾಸ್ತಿ ತಟ್ಟಿ.

ಚಾಸಿ ಪಾಸಾದರೆ ಬ್ರೇಕು. ನಿಜವಾದ ಕೆಲಸ ಇರುವುದೇ ಇಲ್ಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಲೆಕ್ಕ, ನೀರು ಸೇರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆಯಿಲ್ ಕುದಿದು ಆವಿಯಾಗಿ, ಪೆಡಲ್ ನೆಲಕ್ಕೆ ಹೋಗುತ್ತದೆ. ಅದೇ ನೀರು ಒಳಗಿನಿಂದ ಬ್ರೇಕ್ ಸಿಲಿಂಡರುಗಳನ್ನೂ ತಿನ್ನುತ್ತದೆ. ಡ್ರಮ್ ಕಳಚಿ, ಒಳಗೆ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿ ನೋಡಿ. ಒಣಗಿದ್ದರೆ ಸರಿ. ಒದ್ದೆ ಇದ್ದರೆ, ಹೊರಗೆ ಒಂದು ಹನಿ ಕಾಣದಿದ್ದರೂ ಅದು ಲೀಕೇ.

ಇನ್ನೊಂದು ಚಾಲೂ ರೋಗ ಬ್ರೇಕ್ ಹೋಸಿನದ್ದು. ಹೊರಗೆ ಚೆನ್ನಾಗೇ ಕಾಣುತ್ತದೆ, ಒಳಗೆ ರಬ್ಬರ್ ಊದಿಕೊಂಡು ದಾರಿ ಕಟ್ಟಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಮುಂದಕ್ಕೇನೋ ಹೋಗುತ್ತದೆ, ಕಾಲು ತೆಗೆದರೆ ಸಲೀಸಾಗಿ ವಾಪಸ್ ಬರುವುದಿಲ್ಲ, ಚಕ್ರ ಹಿಡಿದೇ ಇರುತ್ತದೆ. ಮುಂದಿನ ಒಂದೇ ಚಕ್ರ ಹೀಗೆ ಹಿಡಿದಿದ್ದು, ಅಲ್ಲಿನ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದ ಕೂಡಲೇ ಬಿಟ್ಟರೆ, ಮೊದಲ ಅನುಮಾನ ಹೋಸಿನ ಮೇಲೇ. ಸುಮ್ನೆ ಡಿಸ್ಕ್ ಒತ್ತಿ ಹಿಡಿಯುವ ಕ್ಯಾಲಿಪರ್ ಬದಲಾಯಿಸಿ ದುಡ್ಡು ಹಾಳು ಮಾಡುವವರು ಎಷ್ಟೋ ಜನ.

ಪಿಕಪ್‌ಗಳಲ್ಲಿ ಯಾರೂ ತಿರುಗಿ ನೋಡದ ಒಂದು ಭಾಗವಿದೆ. ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ಕಡ್ಡಿ ಹೊರಟು ಚಾಸಿ ಮೇಲಿನ ವಾಲ್ವಿಗೆ ಸೇರಿರುತ್ತದೆ. ಲೋಡು ಹೆಚ್ಚಾಗಿ ಹಿಂಭಾಗ ಕುಗ್ಗಿದಷ್ಟೂ ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡ ಹೆಚ್ಚು ಬಿಡುವುದು ಅದರ ಕೆಲಸ. ಎಲ್ಲಾ ಗಾಡಿಯಲ್ಲೂ ಇರುವುದಿಲ್ಲ. ಇದ್ದು, ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಬಹುದು, ಇಲ್ಲವೇ ತುಂಬಿದ ಗಾಡಿಯಲ್ಲಿ ಹಿಂದಿನ ಬ್ರೇಕ್ ಸಾಲದೇ ಹೋಗಬಹುದು. ಯಾವ ಸ್ಥಾನದಲ್ಲಿ ಅಂಟಿದೆ ಅನ್ನುವುದರ ಮೇಲೆ ಹೋಗುತ್ತದೆ.

ಟೈರಿನ ಪಟ್ಟೆ ನೋಡಿ "ಹೊಸದೇ ಇದೆ" ಅನ್ನಬೇಡಿ. ಪಕ್ಕದಲ್ಲಿ DOT ಅಂತ ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು. ಬಿರುಕು ಬಿಟ್ಟಿದ್ದರೆ ಮಾತೇ ಇಲ್ಲ, ಬದಲಾಯಿಸಿ.

ಈಗ ಇಂಜಿನ್. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ, ಅಲ್ಲಿಗೇ ನಿಲ್ಲಿಸಿ. ಏರ್ ಕ್ಲೀನರ್ ಡಬ್ಬಿಯಲ್ಲಿ ಇಲಿ ಗೂಡು ಇರುವುದು ಮಾಮೂಲು. ಆಮೇಲೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಇಂಜಿನ್ ಬಿಸಿ ಮಾಡುವ ಗ್ಲೋ ಪ್ಲಗ್ ತೆಗೆದು, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ಕೈಯಲ್ಲಿ ತಿರುಗಿಸುತ್ತೇನೆ. ನಾಲ್ಕೂ ಸ್ಟ್ರೋಕ್ ಮುಗಿಯುವುದು ಎರಡು ಸುತ್ತಿಗೆ, ಅದಕ್ಕೇ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಕಿಲೋಮೀಟರ್ ಎಷ್ಟೇ ಓಡಿರಲಿ, ಬೆಲ್ಟ್ ಹೊಸದು ಹಾಕಿ.

ಡೀಸೆಲ್ ಟ್ಯಾಂಕ್ ಖಾಲಿ ಮಾಡಿದರೆ ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ. ತೊಳೆದು, ಫಿಲ್ಟರ್ ಬದಲಾಯಿಸಿ, ಕೈಪಂಪ್ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ಬ್ಯಾಟರಿ ಫುಲ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಅಷ್ಟಿದ್ದೂ ಸೆಲ್ಫ್ ಎಳೆಯದಿದ್ದರೆ ಮೊದಲು ಇಂಜಿನ್ನಿನ ಅರ್ತಿಂಗ್ ವೈರ್ ಬಿಚ್ಚಿ ಉಜ್ಜಿ, ಹಾಗೆ ಸರಿಹೋದ ಗಾಡಿಗಳು ಬೇಕಾದಷ್ಟಿವೆ. ಹಳೇ ಡೀಸೆಲ್ ಪಂಪ್ ಅಂಟಿಕೊಂಡಿದ್ದರೆ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಹುಚ್ಚೆದ್ದು ಓಡಬಹುದು, ಕೀ ತೆಗೆದರೂ ನಿಲ್ಲದಿರಬಹುದು. ಇಂಜಿನ್ ಗಾಳಿ ಎಳೆಯುವ ಬಾಯಿ ಮುಚ್ಚಿ ಅದನ್ನು ನಿಲ್ಲಿಸಲು ಒಂದು ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಕೈ ಅಡ್ಡ ಕೊಡುವುದು ಬೇಡವೇ ಬೇಡ.

ಓಡಿಸಿ ನೋಡುವುದು ಖಾಲಿ ಗಾಡಿಯಲ್ಲಿ, ನಿಧಾನಕ್ಕೆ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಒಂದೇ ಕಡೆ ಜಾಸ್ತಿ ಬಿಸಿ ಬಂದರೆ ಆ ಬ್ರೇಕ್ ಹಿಡಿಯುತ್ತಿದೆ. ಲೋಡು ಹಾಕುವುದು ಅದು ಸರಿಯಾದ ಮೇಲೇ. ಮೊದಲ ಲೋಡು ಇಳಿಸಿದ ನಂತರ ವೀಲ್ ನಟ್ಟು, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದ ಯೂ ಬೋಲ್ಟು ಮತ್ತೆ ಬಿಗಿ ಮಾಡಬೇಕು. ಈ ಕೆಲಸಕ್ಕೆ ಗಾಡಿ ವಾಪಸ್ ತರುವವರು ಬಹಳ ಕಡಿಮೆ, ಅದಕ್ಕೇ ನಾನು ಫೋನ್ ಮಾಡಿ ಕರೆಸುತ್ತೇನೆ.