ಟೆರೋವಿಯ ಪ್ಲಾಟ್‌ಫಾರ್ಮಿನ ಮೇಲೆ ಅಪ್ಪ

ಹಳಿಗಳೇ ಇಲ್ಲದ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ನಿಂತ ಅಪ್ಪ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು. "ಸಣ್ಣ ಗಾಡಿ ಯಾವ ಕಡೆ ನಿಲ್ತಿತ್ತವ್ವಾ? ದೊಡ್ಡ ಗಾಡಿ ಯಾವ ಕಡೆ?"

ಬಳ್ಳಾರಿಯಿಂದ ಅಪ್ಪ ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು ಮೂರು ವಾರವಾಗಿತ್ತು. ಸಮುದ್ರ ತೋರಿಸಿದೆ, ತೋಟ ತೋರಿಸಿದೆ, "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಿದ್ದರು. ಗುಂತಕಲ್ಲಿನ ಟ್ರಾನ್ಶಿಪ್‌ಮೆಂಟ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಗೂಡ್ಸ್ ಕ್ಲರ್ಕ್ ಆಗಿದ್ದವರು ಅವರು. ಬ್ರಾಡ್ ಗೇಜಿನಲ್ಲಿ, ಅಂದರೆ ಅಗಲದ ಹಳಿಯಲ್ಲಿ, ಬಂದ ಮೂಟೆಗಳನ್ನು ಹಮಾಲರು ಕಿರಿದಾದ ಮೀಟರ್ ಗೇಜಿನ ವ್ಯಾಗನ್ನಿಗೆ ಹೊತ್ತು ಹಾಕುವಾಗ ಎಣಿಸಿ ಬರೆದುಕೊಳ್ಳುವುದು ಅವರ ಕೆಲಸ. ಹಾಗಾಗಿ ಒಂದು ಶನಿವಾರ ಉತ್ತರಕ್ಕೆ ಸುಮಾರು 220 ಕಿಲೋಮೀಟರ್ ಕಾರು ಓಡಿಸಿ ಅವರನ್ನು ಟೆರೋವಿ ಎಂಬ ಈ ಹಳೆಯ ರೈಲ್ವೆ ಊರಿಗೆ ಕರೆತಂದೆ.

ದಾರಿಯಲ್ಲಿ ಬರ್ರಾ ಊರು ದಾಟಿದ ಮೇಲೆ ನೆಲ ಒಣಗುತ್ತಾ ಹೋಗುತ್ತದೆ. ಇದರಾಚೆ ಬೆಳೆ ನಂಬಬೇಡಿ ಎಂದು ಸರ್ವೇಯರ್ ಜನರಲ್ ಜಾರ್ಜ್ ಗೊಯ್ಡರ್ 1865ರಲ್ಲಿ ಗುರುತಿಸಿದ ಗೆರೆ ಈ ಸೀಮೆಯಲ್ಲೇ ಹಾದುಹೋಗುತ್ತದೆ. ಅಂಥ ಕಡೆ ಇಷ್ಟಗಲದ ಬೀದಿ, ಸಾಲು ಸಾಲು ಹಳೆಯ ಅಂಗಡಿ! ಬಹುಪಾಲು ಬಾಗಿಲು ಮುಚ್ಚಿವೆ. ಒಂದು ಕಾಲಕ್ಕೆ ಎರಡು ಸಾವಿರದಷ್ಟು ಜನರಿದ್ದ ಊರಲ್ಲಿ ಈಗ ನೂರು ಚಿಲ್ಲರೆ ಮಂದಿ.

ಊರನ್ನು ಬೆಳೆಸಿದ್ದು ಹೊಲವಲ್ಲ, ಎರಡು ಅಳತೆಯ ಹಳಿ. ಅಡಿಲೇಡ್ ಕಡೆಯಿಂದ 1600 ಮಿಲಿಮೀಟರ್ ಅಗಲದ ಹಳಿ 1880ರಲ್ಲಿ ಇಲ್ಲಿಗೆ ಬಂದು ನಿಂತಿತು. ಮುಂದಿನ ಬಂಜರು ಸೀಮೆಗೆ ಖರ್ಚು ಕಡಿಮೆಯಾಗಲೆಂದು 1067 ಮಿಲಿಮೀಟರಿನ ಹಳಿ ಹಾಕಿದರು. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಪೀಟರ್‌ಬರೋ ಕಡೆಗೆ ಅದು ಶುರುವಾದದ್ದು 1881ರಲ್ಲಿ. ಬ್ರೋಕನ್ ಹಿಲ್ ಗಣಿಯೂರು ಎದ್ದ ಮೇಲೆ ಅಲ್ಲಿಗೆ ಹೋಗುವ ದಿನಸಿ, ಮರ, ಯಂತ್ರ, ಅಲ್ಲಿಂದಿಳಿಯುವ ಉಣ್ಣೆ, ಕುರಿ ಎಲ್ಲವೂ ಇಲ್ಲಿ ಗಾಡಿ ಬದಲಿಸಬೇಕಿತ್ತು.

"ಕುರಿನೂ ಇಳಿಸಿ ಹತ್ತಿಸ್ತಿದ್ರಾ?" ಅಪ್ಪನಿಗೆ ಅದೇ ಚಿಂತೆ. "ಮೂಟೆ ಆದ್ರೆ ಹರಿದ್ರೂ ಹೊಲಿಬಹುದು. ಕುರಿ ಲೆಕ್ಕ ತಪ್ಪಿದ್ರೆ ಕ್ಲರ್ಕಿನ ಗತಿ ಏನು?" ನಿಜಕ್ಕೂ ಆ ಕ್ಲರ್ಕಿಗಾಗಿ ಅವರ ಮುಖ ಬಾಡಿತ್ತು.

ಪ್ಲಾಟ್‌ಫಾರ್ಮಿನ ಮೇಲೊಂದು ಫಲಕವಿದೆ. ಎರಡನೇ ಮಹಾಯುದ್ಧದಲ್ಲಿ ಫಿಲಿಪೀನ್ಸಿನಿಂದ ಪಾರಾಗಿ ಬಂದ ಅಮೆರಿಕದ ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ 1942ರ ಮಾರ್ಚ್ 20ರಂದು ಆಲಿಸ್ ಸ್ಪ್ರಿಂಗ್ಸ್‌ನಿಂದ ಸಣ್ಣ ರೈಲಿನಲ್ಲಿ ಹೆಂಡತಿ, ಮಗನೊಂದಿಗೆ ಇಲ್ಲಿಗೆ ಬಂದು, ಅಡಿಲೇಡಿನ ಕಡೆಗೆ ಗಾಡಿ ಬದಲಿಸಿದ. ಮರಳಿ ಹೋಗಿಯೇ ಹೋಗುತ್ತೇನೆ ಎಂಬ ಅವನ ಹೆಸರಾಂತ ಮಾತು ಇಲ್ಲೇ ಆಡಿದ್ದು. 1944ರ ಅಕ್ಟೋಬರ್‌ನಲ್ಲಿ ಫಿಲಿಪೀನ್ಸಿನ ಲೇಟೆ ದ್ವೀಪದಲ್ಲಿಳಿದು ಅದನ್ನು ನಡೆಸಿಯೂ ತೋರಿಸಿದ. ನಾನು ಓದಿ ಹೇಳಿದ್ದನ್ನೆಲ್ಲ ಕೇಳಿ ಅಪ್ಪ, "ಅವರ ಪೆಟ್ಟಿಗೆ ಈ ಗಾಡಿಯಿಂದ ಆ ಗಾಡಿಗೆ ಹೊತ್ತವರು ಯಾರಂತೆ?" ಅಂದರು. ಈ ಊರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ ಅನ್ನಿಸಿತು.

1970ರಲ್ಲಿ ಅಗಲದ ಹಳಿಯನ್ನು ಪೀಟರ್‌ಬರೋವರೆಗೆ ಎಳೆದರು. ಅಲ್ಲಿಗೆ ಟೆರೋವಿಯಲ್ಲಿ ಇಳಿಸುವುದೂ ಇಲ್ಲ, ಹತ್ತಿಸುವುದೂ ಇಲ್ಲ. 1988ರಲ್ಲಿ ಮಾರ್ಗವೇ ಮುಚ್ಚಿತು. ಆಮೇಲೆ ಹಳಿಯನ್ನೂ ಕಿತ್ತರು. ಅದನ್ನು ಹೇಳುವಾಗ ನನ್ನ ದನಿ ತಗ್ಗಿತು. ಗುಂತಕಲ್ಲಿನಲ್ಲಿ ಮೀಟರ್ ಗೇಜ್ ಹೋದ ಮೇಲೆ ಖಾಲಿ ಶೆಡ್ಡಿನ ಬೀಗದ ಕೈ ಒಪ್ಪಿಸಿ ಮನೆಗೆ ಬಂದ ಅಪ್ಪ ಆ ರಾತ್ರಿ ಊಟ ಮಾಡದೆ ಮಲಗಿದ್ದು ನನಗೆ ನೆನಪಿದೆ.

ಅವರು ಮೆಲ್ಲಗೆ ಕೆಳಗಿಳಿದು, ಕೋಲಿನಿಂದ ಕೆಂಪು ಮಣ್ಣಿನಲ್ಲಿ ಎರಡು ಗೆರೆ ಎಳೆದರು. ಸ್ವಲ್ಪ ದೂರದಲ್ಲಿ ಮತ್ತೆರಡು, ಕಿರಿದಾಗಿ. "ಇಲ್ಲೊಂದು ವ್ಯಾಗನ್, ಅಲ್ಲೊಂದು. ಬಾಗಿಲಿಗೆ ಬಾಗಿಲು ಎದುರು ಬರಬೇಕು, ನಡುವೆ ಹಲಗೆ. ಎಣಿಸೋನು ಈ ಮೂಲೇಲಿ ನಿಲ್ಲಬೇಕು, ಹೊರೋರ ದಾರಿಗೆ ಅಡ್ಡ ಬರಬಾರದು." ಹಾಗೆಂದು ಆ ಮೂಲೆಯಲ್ಲಿ ನಿಂತರು. ಬಿಸಿಲು ಏರುತ್ತಿತ್ತು. ನಾನು ಕಾರಿನಿಂದ ನೀರಿನ ಬಾಟಲಿ ತಂದು ಕೊಡುವವರೆಗೂ ಅಲ್ಲೇ ನಿಂತಿದ್ದರು.