ಎಂಟಾಣೆ ಅಗಲದ ಕೆಂಪು

ಅಣ್ಣನನ್ನು ಹಾಸಿಗೆಯ ಮೇಲೆ ಪಕ್ಕಕ್ಕೆ ಹೊರಳಿಸಿದ ಅತ್ತಿಗೆ ಹಾಗೇ ನಿಂತುಬಿಟ್ಟರು. ಕುಳಿತಾಗ ಭಾರವೆಲ್ಲ ಬೀಳುವ ಎಡಗಡೆಯ ಮೂಳೆಯ ಮೇಲೆ ಎಂಟಾಣೆ ಅಗಲದ ಕೆಂಪು ಕಲೆ ಎದ್ದಿತ್ತು. ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬಿಳುಚಿಕೊಳ್ಳಲಿಲ್ಲ. ಒತ್ತಡದ ಹುಣ್ಣು ಶುರುವಾಗಿದೆ ಎಂದು ತಿಳಿಯಲು ಅಷ್ಟು ಸಾಕಿತ್ತು ನಮಗೆ.

"ಏನಾಯಿತು?" ಎಂದು ಅಣ್ಣ ಕೇಳಿದ. ಅವನಿಗೆ ನೋವೇ ಗೊತ್ತಾಗಿರಲಿಲ್ಲ.

ಅವನು ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರದಿಂದ ಬಿದ್ದು ಆಗ ಎರಡು ವರ್ಷ. ಮೂಡಿಗೆರೆ ಕಡೆ ಮೆಣಸು ಕೊಯ್ಲು ಶುರುವಾಯಿತೆಂದರೆ ಇಂಥದೊಂದು ಸುದ್ದಿಗೆ ಎದೆ ಹೆದರುತ್ತಲೇ ಇರುತ್ತದೆ. ಏಣಿ ಜಾರಿ ಬೆನ್ನುಹುರಿಗೆ ಪೆಟ್ಟು ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನವೂ ಹೋಯಿತು, ಸ್ಪರ್ಶವೂ ಹೋಯಿತು. ನಡೆಯಲಾರ ಎಂಬುದು ನೋಡಿದವರಿಗೆ ಕಾಣುತ್ತದೆ, ಸ್ಪರ್ಶ ಹೋದದ್ದು ಯಾರಿಗೂ ಕಾಣುವುದಿಲ್ಲ. ಕುಳಿತ ಜಾಗ ನೋಯತೊಡಗಿದರೆ ನಾವು ನಮಗರಿವಿಲ್ಲದೆಯೇ ಮಿಸುಕಾಡುತ್ತೇವೆ. ಅವನ ಮೈಗೆ ಆ ಸೂಚನೆ ಬರುವುದೇ ಇಲ್ಲ. ಒಂದೇ ಕಡೆ ಒತ್ತಡ ಬಿದ್ದು ರಕ್ತ ಹರಿಯದೆ ಹೋದರೆ ಮಾಂಸ ಒಳಗೊಳಗೇ ಸಾಯುತ್ತದೆ. ಹಾಗಾಗಿ ಮಲಗಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕುಳಿತಿದ್ದರೆ ಕಾಲು ಗಂಟೆಗೊಮ್ಮೆಯಾದರೂ ಕೈಯೂರಿ ಮೈಯನ್ನು ಮೇಲೆತ್ತಬೇಕು. ಎರಡು ವರ್ಷ ಅತ್ತಿಗೆ ಒಂದು ರಾತ್ರಿಯೂ ನಿದ್ದೆಯನ್ನು ಪೂರ್ತಿ ಮಾಡಿದವರಲ್ಲ. ಒಂದೇ ಒಂದು ಹುಣ್ಣಾಗಲು ಬಿಟ್ಟಿರಲಿಲ್ಲ.

ಅಂದು ನಾವು ಹೋಗಿದ್ದದ್ದು ಚಿಕ್ಕಮಗಳೂರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ತಪಾಸಣೆಗೆಂದು. ಏನೇ ಸೌಲಭ್ಯ ಕೇಳಲು ಹೋದರೂ ಮೊದಲು ಆ ಕಾರ್ಡನ್ನೇ ಕೇಳುತ್ತಿದ್ದರು. ತಪಾಸಣೆಯ ಕಟ್ಟಡಕ್ಕೆ ಮೂರು ಮೆಟ್ಟಿಲು, ಇಳಿಜಾರು ಇಲ್ಲ. ನಾನೂ ಜೀಪಿನ ಹುಡುಗನೂ ಅಣ್ಣನನ್ನು ಎತ್ತಿಕೊಂಡು ಹೋಗಿ ಒಳಗಿನ ಮರದ ಬೆಂಚಿನ ಮೇಲೆ ಕೂರಿಸಿದೆವು. ಗಾಲಿಕುರ್ಚಿ ಹೊರಗೇ ಉಳಿಯಿತು, ಅದರ ಮೆತ್ತೆಯೂ ಅಲ್ಲೇ ಉಳಿಯಿತು. ಅದನ್ನು ತಂದು ಅವನ ಅಡಿಗಿಡಬೇಕೆಂದು ನನಗೆ ಹೊಳೆಯಲಿಲ್ಲ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ ಕೂತವನು ಮಧ್ಯಾಹ್ನ ಎರಡೂಕಾಲಿನವರೆಗೂ ಅಲ್ಲೇ ಇದ್ದ. ಕೈಯೂರಿ ಏಳೋಣವೆಂದರೆ ಅಕ್ಕಪಕ್ಕ ಒತ್ತಿ ಕುಳಿತ ಜನ. ಬೇಗ ನೋಡುವಂತೆ ಎರಡು ಸಲ ಕೇಳಿಕೊಂಡೆ. "ಇಲ್ಲಿರುವವರೆಲ್ಲ ಅಂಗವಿಕಲರೇ ತಾನೇ, ಸರದಿಯಲ್ಲಿ ಬನ್ನಿ" ಎಂದರು. ಕೊನೆಗೆ ಒಳಗೆ ಕರೆದಾಗ ತಪಾಸಣೆ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನಾನು ಓದಿದ್ದು ಆಮೇಲೆ. ಆಸ್ಪತ್ರೆಗಳಿಗೆ ಅಡೆತಡೆಯಿಲ್ಲದೆ ಹೋಗುವಂತಿರಬೇಕು, ತಪಾಸಣೆ, ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು ಎಂದು ಅದರ 25ನೇ ಸೆಕ್ಷನ್ ಹೇಳುತ್ತದೆ. 1995ರ ಕಾಯ್ದೆಯಲ್ಲಿ ಏಳು ಬಗೆ ಇದ್ದ ಅಂಗವೈಕಲ್ಯವನ್ನು ಇದು 21 ಬಗೆಯೆಂದು ಬಿಡಿಸಿ ಹೇಳಿದೆ. ಸರದಿಯಲ್ಲಿ ಮಾತ್ರ ಇನ್ನೂ ಎಲ್ಲರೂ ಒಂದೇ. ಕಿವಿ ಕೇಳದವರಿಗೆ ನಾಲ್ಕೈದು ಗಂಟೆ ಕಾಯುವುದೆಂದರೆ ಬೇಸರ, ಅಣ್ಣನಂಥವರಿಗೆ ಅದು ಗಾಯ. ಅಂದು ಇದೆಲ್ಲ ಗೊತ್ತಿದ್ದಿದ್ದರೆ ಆ ಬಾಗಿಲಲ್ಲಿ ನಿಂತು ಜಗಳವನ್ನೇ ಆಡುತ್ತಿದ್ದೆ.

ನಾಲ್ಕನೆಯ ದಿನ ಚರ್ಮ ಒಡೆದು ಹೆಬ್ಬೆರಳು ಹಿಡಿಸುವಷ್ಟು ಗುಳಿ ಬಿತ್ತು. ಭಾರ ಬೀಳದಂತೆ ಮೂರು ತಿಂಗಳು ಹೆಚ್ಚು ಹೊತ್ತು ಬೋರಲೇ ಮಲಗಬೇಕಾಯಿತು. ಆಸ್ಪತ್ರೆಯ ನರ್ಸ್ ಒಬ್ಬರು ಸಲೈನ್‌ನಲ್ಲಿ ತೊಳೆದು ಬಟ್ಟೆ ಕಟ್ಟುವುದನ್ನು ಅತ್ತಿಗೆಗೆ ತಾಳ್ಮೆಯಿಂದ ಕಲಿಸಿಕೊಟ್ಟರು. ಅತ್ತಿಗೆ ತೋಟದ ಕೆಲಸ ಬಿಟ್ಟರು, ಅಷ್ಟೂ ದಿನದ ಕೂಲಿ ಹೋಯಿತು. ದಿಂಬಿಗೆ ಗದ್ದ ಊರಿಕೊಂಡೇ ಅಣ್ಣ ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದ.

ಕಾರ್ಡ್ ಅಂಚೆಯಲ್ಲಿ ಬಂದಾಗಲೂ ಅವನು ಹಾಗೇ ಮಲಗಿದ್ದ. ಮಗಳು ಲಕೋಟೆ ಒಡೆದು ಅದನ್ನು ಅವನ ಮುಖದ ಮುಂದೆ ಹಿಡಿದಳು. ಓದಿ, ದಿಂಬಿನ ಪಕ್ಕಕ್ಕಿಟ್ಟ.

"ಕನ್ನಡಿ ತಾ ಮಗಳೇ" ಎಂದ. "ಎಷ್ಟು ಮುಚ್ಚಿದೆಯೋ ನೋಡುತ್ತೇನೆ."