ದೊಡ್ಡವ್ವನ ಚಿಂತೆ, ಪಕ್ಕದ ಮನೆಯ ಅನ್ನ

ನಾವು ಮಾಡಿದ ಕೆಲಸಕ್ಕೆ ಕಾರಣ ಕೇಳಿದರೆ ಉತ್ತರ ತಡವಿಲ್ಲದೆ ಬರುತ್ತದೆ. ಆ ಕಾರಣ ಕೆಲಸಕ್ಕೆ ಮೊದಲೇ ಇತ್ತೋ, ಕೇಳಿದ ಮೇಲೆ ಹುಟ್ಟಿಕೊಂಡಿತೋ ಎಂದು ವಿಚಾರಿಸುವ ವ್ಯವಧಾನ ಮಾತ್ರ ನಮಗಿರುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋಥಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ತೋರಿಸುವ ಪ್ರಯೋಗವೊಂದಿದೆ. ಒಂದೇ ನಮೂನೆಯ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿಟ್ಟು ಒಳ್ಳೆಯದನ್ನು ಆರಿಸಲು ಹೇಳಿದಾಗ, ಬಲತುದಿಯದನ್ನು ಶೇ. 40ರಷ್ಟು ಜನ, ಎಡತುದಿಯದನ್ನು ಶೇ. 12ರಷ್ಟು ಜನ ಆರಿಸಿದರು. ಆದರೆ ಅವರು ಕೊಟ್ಟ ಕಾರಣಗಳಲ್ಲಿ ಇಟ್ಟ ಜಾಗದ ಪ್ರಸ್ತಾಪವೇ ಇರಲಿಲ್ಲ. ಬೆಟಗೇರಿಯ ಅಂಗಡಿಗಳಲ್ಲಿ ಗಾದಿಯ ಮೇಲೆ ಕುಳಿತು, ‘ಅಕ್ಕಾರ, ಇದೊಂದು ನೋಡ್ರಿ’ ಎಂದು ಕಡೆಯ ಸೀರೆ ಬಿಚ್ಚುವವರಿಗೆ ಈ ಸಂಗತಿ ಎಂದೋ ಗೊತ್ತಿತ್ತೆಂಬುದು ನನ್ನ ಗುಮಾನಿ.

ನಂಬಿಕೆಗಳ ವಿಷಯದಲ್ಲಿ ಈ ಗುಣ ಇನ್ನೂ ಗಟ್ಟಿ. ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬರುತ್ತದೆ. ಜೋಳದಲ್ಲಿ ನಾರಿನಂಶವಿರುವುದು ನಿಜ. ಪಿಷ್ಟವೂ ಇದೆ, ಅದು ಕರಗಿ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ಹುಟ್ಟಿದಾಗಿನಿಂದ ಎರಡು ಹೊತ್ತೂ ರೊಟ್ಟಿಯನ್ನೇ ಉಂಡ ನಮ್ಮ ದೊಡ್ಡವ್ವ, ಊಟಕ್ಕೆ ಮೊದಲು ಸೆರಗು ಸರಿಸಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಆ ಮಾತನ್ನು ಹೇಳುತ್ತಾಳೆ. ‘ನನಗ ಬಂದದ್ದು ಚಿಂತಿಯಿಂದ’ ಎನ್ನುತ್ತಾಳೆ. ಪಕ್ಕದ ಮನೆಯವರಿಗೆ ಬಂದದ್ದು ಮಾತ್ರ ಅನ್ನದಿಂದ.

ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಅವುಗಳ ಹಿಂದಿನ ನಿಯಮವನ್ನು ಕಂಡುಹಿಡಿಯಲು ಹೇಳಿದ್ದರು. ಬೇರೆ ಮೂರು ಸಂಖ್ಯೆ ಹೇಳಿ ಅವು ನಿಯಮಕ್ಕೆ ಹೊಂದುತ್ತವೆಯೇ ಎಂದು ಕೇಳಬಹುದಿತ್ತು. ಹಲವರು 8, 10, 12 ಎಂಬಂತೆ ತಮ್ಮ ಊಹೆಗೆ ಒಪ್ಪುವವನ್ನೇ ಕೇಳಿ, ಎರಡೆರಡು ಹೆಚ್ಚುವುದೇ ನಿಯಮವೆಂದು ಸಾರಿದರು. ನಿಯಮವಿದ್ದದ್ದು ಏರಿಕೆಯ ಕ್ರಮದ ಯಾವುದೇ ಮೂರು ಸಂಖ್ಯೆ ಎಂದಷ್ಟೇ. 1, 2, 3 ಎಂದು ಒಮ್ಮೆ ಕೇಳಿದ್ದರೆ ಊಹೆ ಮುರಿಯುತ್ತಿತ್ತು. ತನ್ನ ನಂಬಿಕೆಯನ್ನು ಪರೀಕ್ಷಿಸುವವನು ಹುಡುಕಬೇಕಾದದ್ದು ಹೀಗೆ ಮುರಿಯುವ ಉದಾಹರಣೆಯನ್ನೇ.

ದೊಡ್ಡವ್ವನ ಮಾತಿಗೆ ನಗುವುದು ಸುಲಭ. ಹುಬ್ಬಳ್ಳಿಯವರು ವ್ಯಾಪಾರದವರು, ಧಾರವಾಡದವರು ಸಾಹಿತ್ಯ-ಸಂಗೀತದವರು ಎಂಬ ತೀರ್ಮಾನ ನನ್ನೊಳಗೂ ಬೇರೂರಿದೆ. 1962ರಿಂದ ದಶಕಗಳ ಕಾಲ ಎರಡೂ ಊರುಗಳಿಗೆ ಒಂದೇ ಮಹಾನಗರ ಪಾಲಿಕೆಯಿದ್ದರೂ ಆ ತೀರ್ಮಾನ ಅಲುಗಲಿಲ್ಲ. ಗಂಗೂಬಾಯಿ ಹಾನಗಲ್ಲರು ಬಾಳಿ ಬದುಕಿದ್ದು ಹುಬ್ಬಳ್ಳಿಯಲ್ಲಲ್ಲವೇ ಎಂದು ಯಾರಾದರೂ ಕೇಳಿದರೆ, ಅವರು ಹುಟ್ಟಿದ್ದು ಧಾರವಾಡದಲ್ಲಿ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ.